ಒಲೆಯ ಕಡೆ ತಿರುಗಿದ ಗಿರಿಜೆ

ಸಂಸೆ

ನಾವು ಸಂಸೆಯಿಂದ ಮಸ್ಕತ್ತಿಗೆ ಹೊರಟ ದಿನ ನಮ್ಮ ಯಜಮಾನರ ಪೆಟ್ಟಿಗೆಯಲ್ಲಿ ನನ್ನದಕ್ಕಿಂತ ಹೆಚ್ಚು ಸೀರೆಗಳಿದ್ದವು. ರೇಷ್ಮೆಯದು, ನೂಲಿನದು, ಒಲೆ ಮುಂದೆ ಉಡುವ ಮಾಸಲು ಬಣ್ಣದ್ದು. ಜೊತೆಗೆ ರವಿಕೆ, ಗಾಜಿನ ಬಳೆ, ಕಟ್ಟುಕೂದಲಿನ ಜಡೆ. ಓದುವವರು ಗಾಬರಿಯಾಗಬೇಡಿ. ಇವರು ನಮ್ಮ ಕಳಸದ ಕಡೆಯ ನಾಟಕ ತಂಡದಲ್ಲಿ ಹೆಣ್ಣಿನ ಪಾತ್ರ ಮಾಡುವವರು. ಹಗಲೆಲ್ಲ ಕಾಫಿ ತೋಟದಲ್ಲಿ ಆಳುಗಳ ಜೊತೆ ಕೂಗಾಡಿಕೊಂಡಿದ್ದು, ನಾಟಕದ ಸಂಜೆ ಬಂತೆಂದರೆ ಕಣ್ಣು ತಗ್ಗಿಸಿ ನಡೆಯುವವರು. ಆ ಪಾತ್ರಗಳಿಗಾಗಿ ಮದುವೆಯಾದಾಗಿನಿಂದ ಮೀಸೆಯನ್ನೇ ಬಿಟ್ಟಿಲ್ಲ.

ಬಣ್ಣದ ಕೋಣೆಯಲ್ಲಿ ಇರುವವರೆಲ್ಲ ಗಂಡಸರು. ಅಲ್ಲಿಗೆ ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅವರವರೇ ಸೀರೆ ಸುತ್ತಿಕೊಂಡರೆ ಕಾಫಿ ಮೂಟೆಗೆ ಗೋಣಿ ಸುತ್ತಿದ ಹಾಗೆ ಕಾಣುತ್ತಿತ್ತು. ಹಾಗಾಗಿ ಮೊದಲಿನಿಂದಲೂ ನಾನೇ ಮನೆಯಲ್ಲಿ ನೆರಿಗೆ ಹಿಡಿದು, ಸೆರಗಿಗೆ ಪಿನ್ನು ಹಾಕಿ ಉಡಿಸಿ ಕಳಿಸುವುದು ರೂಢಿ. ಇವರು ಮೇಲೊಂದು ಕಂಬಳಿ ಹೊದ್ದು ಜೀಪು ಹತ್ತುತ್ತಿದ್ದರು. ದಾರಿಯಲ್ಲಿ ಕೆಲಸ ಮುಗಿಸಿ ಹೋಗುವ ಹೆಣ್ಣಾಳುಗಳು ಜೀಪಿನೊಳಗೆ ಇಣುಕಿ, “ಎಂತ ಅಮ್ಮಾವ್ರೇ, ತವರಿಗಾ? ಅಯ್ಯಾವ್ರು ಹೋಗಿ ಬಾ ಅಂದ್ರಾ?” ಎಂದು ಕೇಳಿ ನಗುತ್ತಿದ್ದರು. ಇವರು ಅದೇ ಧ್ವನಿಯಲ್ಲಿ, “ಮೂರು ದಿನಕ್ಕೇಂತ ಕಳ್ಸಿದಾರೆ ಕಣ್ರೇ, ಬೇಗ ಬರ್ಬೇಕಂತೆ” ಅನ್ನುತ್ತಿದ್ದರು.

ಮಸ್ಕತ್ತಿಗೆ ಮನೆಯಿಂದಲೇ ಸೀರೆ ಉಟ್ಟು ಹೋಗಲಾಗುತ್ತದೆಯೆ? ಅದಕ್ಕೇ ನಾನೂ ಹೊರಟೆ. ಅಲ್ಲಿ ನೆಲೆಸಿದ ಕನ್ನಡದವರು ನಮ್ಮ ತಂಡವನ್ನು ಕರೆಸಿದ್ದರು. ಎರಡು ಸಾವಿರದ ಇಸವಿ ಬಂದ ಹೊಸತು. ಇವರಿಗೆ ಐವತ್ತು ದಾಟಿ, ಮಂಡಿ ನೋವು ಶುರುವಾಗಿತ್ತು. “ಇದೊಂದು ಸಲ ಗಿರಿಜೆ ಆಗ್ತೀನಿ ಲಲಿತಾ. ಆಮೇಲೆ ಸಾಕು,” ಎಂದಿದ್ದರು.

ಗಿರಿಜೆ ಎಂಬುದು ನಮ್ಮೂರ ಶಾಲೆಯ ಮೇಷ್ಟ್ರು ಬರೆದ ನಾಟಕದ ಹೆಂಗಸು. ಅವಳ ಗಂಡ ರಂಗಣ್ಣ ಆಸ್ಪತ್ರೆಯಿಂದ ಬಂದು, ಮಗು ಹೋಯಿತು ಎಂದು ಅಡುಗೆಮನೆಯಲ್ಲಿರುವ ಅವಳಿಗೆ ಹೇಳುತ್ತಾನೆ. ಎಷ್ಟೋ ಊರಿನಲ್ಲಿ ಆಡಿದ್ದರು. ನಾನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನಮ್ಮ ಮೊದಲ ಮಗಳು ಶಾರದೆ ಜ್ವರ ಬಂದು, ಇನ್ನೂ ಮಾತು ಕಲಿಯುವ ವಯಸ್ಸಿನಲ್ಲೇ ಹೋದವಳು. ಮೇಷ್ಟ್ರು ಬೇರೆ ಊರಿನಿಂದ ವರ್ಗವಾಗಿ ಬಂದವರು, ಅವರಿಗೆ ಅದೊಂದೂ ತಿಳಿಯದು. ಸೀರೆ ಉಡಿಸಿ ಕಳಿಸಿ, ನಾನು ದೇವರ ಮುಂದೆ ದೀಪ ಹಚ್ಚಿ ಮನೆಯಲ್ಲೇ ಇರುತ್ತಿದ್ದೆ. ಮಾರನೇ ದಿನ ನೆರೆಯವರು, “ನಿಮ್ಮ ಯಜಮಾನ್ರು ಅಳ್ಸಿಬಿಟ್ರಲ್ರೀ” ಅಂದರೆ, “ಹೌದಾ” ಅಂದು ಒಳಗೆ ಹೋಗುತ್ತಿದ್ದೆ.

ಹೊರಡುವ ಮುಂಚೆ ಹೊರನಾಡಿಗೆ ಹೋಗಿ ಅನ್ನಪೂರ್ಣೆಯಮ್ಮನಿಗೆ ಕೈಮುಗಿದು ಬಂದೆ. ಆ ವಾರವೇ ಹೂಮಳೆ ಹದವಾಗಿ ಬಿದ್ದು, ತೋಟ ಬೆಳ್ಳಗೆ ಹೂ ಬಿಟ್ಟಿತ್ತು. ತೋಟ ನೋಡಿಕೊಳ್ಳಲು ಮಗನಿದ್ದ. ಹಸು ಕರು ಹಾಕಿ ಆಗಿತ್ತು. ಯಾವ ಚಿಂತೆಯನ್ನೂ ಕಟ್ಟಿಕೊಂಡು ಹೋಗಬೇಕಾಗಲಿಲ್ಲ. ಇಷ್ಟು ಅನುಕೂಲ ಯಾರಿಗೆ ಸಿಗುತ್ತದೆ?

ಮಸ್ಕತ್ತಿನ ನಿಲ್ದಾಣ

ಬೊಂಬಾಯಿಯಿಂದ ವಿಮಾನ. ಏರುವಾಗ ನಾನು ಕಣ್ಣು ಮುಚ್ಚಿ ನಾಮ ಹೇಳುತ್ತಿದ್ದೆ, ಪಕ್ಕದಲ್ಲಿ ಇವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಇಳಿಯುವಾಗ ಕಿಟಕಿಯಲ್ಲಿ ನೋಡಿದರೆ ಬೆಟ್ಟವೋ ಬೆಟ್ಟ. ಆದರೆ ಒಂದು ಹುಲ್ಲುಕಡ್ಡಿ ಇಲ್ಲ. ಕುದುರೆಮುಖದ ಗುಡ್ಡಗಳನ್ನು ಯಾರೋ ಹುರಿಯುವ ಬಾಣಲೆಗೆ ಹಾಕಿ ತೆಗೆದಿಟ್ಟ ಹಾಗೆ. “ಪಾಪ, ಇವಕ್ಕೆ ಒಂದು ಮಳೆ ಕೊಡಬಾರದಿತ್ತಾ” ಅನ್ನಿಸಿತು.

ಪೆಟ್ಟಿಗೆ ತಪಾಸಣೆ ಮಾಡುವಲ್ಲಿ ಗ್ರಹಚಾರ ಕಾದಿತ್ತು. ಬಿಳಿ ನಿಲುವಂಗಿಯಂಥ ಉಡುಪು, ಕಸೂತಿಯ ಟೋಪಿ ಹಾಕಿದ ಅಧಿಕಾರಿ ಇವರ ಪೆಟ್ಟಿಗೆ ತೆರೆದ. ಮೇಲೆಯೇ ಜಡೆ. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. ಕೆಳಗೆ ಬಳೆ. ಅದರ ಕೆಳಗೆ ರವಿಕೆಯೊಳಗೆ ಇಟ್ಟುಕೊಳ್ಳುವ ಹತ್ತಿಯ ಉಂಡೆಗಳು. ನಾನು ಆಚೆ ತಿರುಗಿ ನಿಂತೆ.

“ಪೆಟ್ಟಿಗೆ ಯಾರ್ದು ಅಂತ ಕೇಳ್ತಿದಾರೆ,” ಎಂದರು ಮೇಷ್ಟ್ರು. ನಮ್ಮಲ್ಲಿ ಇಂಗ್ಲಿಷ್ ಬರುವುದು ಅವರಿಗೇ.

“ನಂದು ಅನ್ಲಾ?” ಎಂದು ನಾನು ಪಿಸುಗುಟ್ಟಿದೆ.

“ಎಂತಕ್ಕೆ ಸುಳ್ಳು? ನಂದೇ ಅಂತ ಹೇಳಿ ಮೇಷ್ಟ್ರೇ,” ಎಂದರು ಇವರು.

ಮೇಷ್ಟ್ರು ನಾಟಕ, ಪಾತ್ರ ಎಂದೆಲ್ಲ ವಿವರಿಸಿದರು. ಆತ ನಂಬಲಿಲ್ಲ. ಆಗ ಇವರು ಆ ಮಾಸಲು ಸೀರೆಯ ಸೆರಗನ್ನು ಪೆಟ್ಟಿಗೆಯಿಂದಲೇ ಎಳೆದು ತಲೆಯ ಮೇಲೆ ಹಾಕಿಕೊಂಡು, ಮುಖ ಅರ್ಧ ಮರೆಮಾಡಿ, ಪ್ಯಾಂಟು ಶರಟಿನಲ್ಲಿಯೇ ಒಂದು ಸಲ ನಿಂತರು. ಅಷ್ಟೇ. ಒಂದು ಮಾತಿಲ್ಲ, ನಡಿಗೆಯಿಲ್ಲ. ಆ ಅಧಿಕಾರಿ ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು ನೆಲ ನೋಡಿದ! ಅಪರಿಚಿತ ಹೆಂಗಸಿನ ಎದುರು ಅಲ್ಲಿನ ಮರ್ಯಾದಸ್ಥರು ಹಾಗೆ ಮಾಡುತ್ತಾರಂತೆ. ಆಮೇಲೆ ತಾನು ಮಾಡಿದ್ದು ತನಗೇ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕು, ಪೆಟ್ಟಿಗೆಯನ್ನು ತಾನೇ ಮುಚ್ಚಿ ಕೊಟ್ಟ.

“ನೋಡಿದ್ಯಾ?” ಎಂದು ಇವರು ಹೊರಗೆ ಬರುತ್ತ ನನ್ನನ್ನು ಕೇಳಿದರು. ಮಂಡಿ ನೋವೂ ಮರೆತ ಹಾಗಿತ್ತು. “ಇನ್ನೂ ಆಗತ್ತೆ ನನ್ ಕೈಲಿ.”

ಶೈಲಜಾಳ ಮನೆ

ನಾವು ಉಳಿದದ್ದು ಶೈಲಜಾ ಎಂಬವಳ ಮನೆಯಲ್ಲಿ. ಮೂವತ್ತರ ಮೇಲಿನ ವಯಸ್ಸು, ಬಾಯಿ ತುಂಬ ನಗು. ಅವಳ ಗಂಡ ಪ್ರಕಾಶ ಅಲ್ಲಿ ಕಟ್ಟಡದ ಕೆಲಸ ನೋಡಿಕೊಳ್ಳುತ್ತಾನೆ. ಮೊದಲ ಊಟಕ್ಕೆ ಅನ್ನ, ಹುಳಿ, ಮಜ್ಜಿಗೆ ಮೆಣಸು. ಸಮುದ್ರ ದಾಟಿ ಬಂದರೂ ಅನ್ನಪೂರ್ಣೆ ಕೈಬಿಡಲಿಲ್ಲ ಎಂದುಕೊಂಡು ಉಂಡೆ. ಮಜ್ಜಿಗೆಗೆ ಬಂದಾಗ ಪ್ರಕಾಶ ಬಹಳ ಸಂತೋಷದಿಂದ ಹೇಳಿದ:

“ನಿಮಗೊಂದು ಸಹಾಯ ಮಾಡಿದೀವಿ ಮೇಷ್ಟ್ರೇ. ನಿಮ್ಮ ತಂಡದಲ್ಲಿ ಹೆಣ್ಮಕ್ಕಳಿಲ್ಲ ಅಲ್ವಾ? ಗಿರಿಜೆ ಪಾತ್ರಕ್ಕೆ ಶೈಲಜಾನ ಹಾಕಿದೀವಿ. ನೀವು ಕಳಿಸಿದ ಪ್ರತಿ ನೋಡಿ ಮಾತೆಲ್ಲ ಬಾಯಿಪಾಠ ಮಾಡಿದಾಳೆ. ಎಲ್ಲರಿಗೂ ಹೇಳಿಯೂ ಆಗಿದೆ.”

ಮೇಷ್ಟ್ರ ಕೈ ತಟ್ಟೆಯಲ್ಲೇ ನಿಂತಿತು. ರಂಗಣ್ಣನ ಪಾತ್ರ ಮಾಡುವ ಧರ್ಮಣ್ಣ, ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್, ನೀರು ಕುಡಿಯುತ್ತಿದ್ದವರು ಕೆಮ್ಮತೊಡಗಿದರು.

“ನಮ್ಮ ನಾಗೇಶಣ್ಣ ಇದಾರಲ್ಲ...” ಎಂದರು ಮೇಷ್ಟ್ರು ಮೆಲ್ಲಗೆ.

“ಅವರನ್ನ ಬೇರೆ ಯಾವ್ದಾದ್ರೂ ಪಾತ್ರಕ್ಕೆ ಹಾಕ್ಬಹುದಲ್ಲ. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಬರ್ತಾರೆ ಮೇಷ್ಟ್ರೇ. ಗಂಡಸು ಸೀರೆ ಉಟ್ಟು ಬಂದ್ರೆ ನಗ್ತಾರೆ, ಅಳೋ ಕಡೆನೂ ನಗ್ತಾರೆ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇವರು ಎಲ್ಲರಿಗಿಂತ ಮೊದಲು ಬಾಯಿಬಿಟ್ಟರು. “ಸರಿಯೇ ಅಲ್ದಾ ಮತ್ತೆ? ಹೆಣ್ಣಿನ ಪಾತ್ರಾನ ಹೆಣ್ಣು ಮಾಡಿದ್ರೆ ಚೆಂದ,” ಎಂದು ಇನ್ನಷ್ಟು ಮಜ್ಜಿಗೆ ಹಾಕಿಸಿಕೊಂಡರು. ಊಟವಾದ ಮೇಲೆ ಕೋಣೆಗೆ ಹೋಗಿ ನೋಡಿದರೆ, ಬಳೆಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಡುತ್ತಿದ್ದರು. ಒಡೆಯಬಾರದೆಂದು ಎಷ್ಟು ಜೋಪಾನ!

ಸಂಜೆ ಶೈಲಜಾ ಬಾಗಿಲಲ್ಲಿ ಬಂದು ನಿಂತಳು.

“ಅಣ್ಣಾ, ನಾನು ಆಲ್ದೂರಿನ ಹುಡುಗಿ. ಸಣ್ಣವಳಿದ್ದಾಗ ನಿಮ್ಮ ನಾಟಕ ನೋಡಿದೀನಿ. ರಾಣಿ ಆಗಿದ್ರಿ ನೀವು. ಹೆಂಗಸ್ರೂ ಹೀಗೆ ದೀಪದ ಮುಂದೆ ನಿಂತು ಅಷ್ಟು ಜೋರಾಗಿ ಮಾತಾಡ್ಬಹುದಾ ಅಂತ ಆಶ್ಚರ್ಯ ಆಗಿತ್ತು. ದೊಡ್ಡವಳಾದ್ಮೇಲೆ ನಾನೂ ಅದನ್ನೇ ಮಾಡ್ತೀನಿ ಅಂತ ಮನೇಲಿ ಹೇಳಿದೆ. ಎಲ್ಲರೂ ನಕ್ರು. ಅದು ಗಂಡಸು ಕಣೇ ಪೆದ್ದಿ, ಹೆಂಗಸ್ರು ಯಾರು ನಾಟಕಕ್ಕೆ ಹೋಗ್ತಾರೆ ಅಂದ್ರು. ಅವತ್ತು ಅತ್ತಷ್ಟು ಮದುವೆ ದಿನಾನೂ ಅತ್ತಿಲ್ಲ.”

ಇವರು ಪೆಟ್ಟಿಗೆಯ ಮುಚ್ಚಳ ಹಾಕಿದರು.

“ನಿಮ್ಮ ತಂಡಾನ ಕರೆಸಿ ಅಂತ ಹೇಳಿದ್ದು ನಾನೇ. ಪಾತ್ರ ನೀನೇ ಮಾಡು ಅಂದಾಗ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಆಸೆ ಇತ್ತಣ್ಣ.” ಅವಳ ಕಣ್ಣು ತುಂಬಿತ್ತು. “ನೀವು ಒಂದು ಮಾತು ಹೇಳಿದ್ರೆ ಬಿಟ್ಟುಕೊಡ್ತೀನಿ.”

“ಆಯ್ತು, ಆಯ್ತು. ಹೋಗಿ ಕಾಫಿ ಮಾಡಮ್ಮ,” ಎಂದರು ಇವರು.

ನೆರೆಮನೆಯ ಕಾಫಿ

ಮಾರನೇ ದಿನ ಬೆಳಿಗ್ಗೆ ಶೈಲಜಾಳ ಮನೆಯ ಮಾಲೀಕರು, ಪಕ್ಕದಲ್ಲೇ ಇರುವ ಒಮಾನಿನವರು, ನಮ್ಮನ್ನೆಲ್ಲ ಕರೆದರು. ಆ ಊರಿನ ಗಂಡಸರನ್ನು ನೋಡುವುದೇ ನನಗೊಂದು ಸೋಜಿಗ. ನಿಲುವಂಗಿಯ ಕೊರಳಲ್ಲಿ ಒಂದು ಸಣ್ಣ ಕುಚ್ಚು ಇರುತ್ತದೆ, ಅದನ್ನು ಅತ್ತರಿನಲ್ಲಿ ಅದ್ದಿರುತ್ತಾರೆ. ಬೀದಿಯಲ್ಲಿ ನಡೆದರೆ ಮಲ್ಲಿಗೆ ಮುಡಿದ ಹೆಂಗಸು ಹೋದ ಹಾಗೆ ಘಮಘಮ. ಸ್ನೇಹಿತರು ಕೈ ಕೈ ಹಿಡಿದು ನಡೆಯುತ್ತಾರೆ. ನಮ್ಮಲ್ಲಿ ಗಂಡಸು ಕನ್ನಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಜನ ಆಡಿಕೊಳ್ಳುತ್ತಾರೆ. ಇವರಂತೂ ಆ ಮಾತು ಎಷ್ಟು ಕೇಳಿದ್ದಾರೋ.

ಗಂಡಸರು ಮುಂದಿನ ಕೋಣೆಯಲ್ಲಿ ಕೂತರು, ನನ್ನನ್ನೂ ಶೈಲಜಾಳನ್ನೂ ಒಳಗೆ ಹೆಂಗಸರ ಕೋಣೆಗೆ ಕರೆದೊಯ್ದರು. ಮನೆಯೊಡತಿ, ನನ್ನದೇ ವಯಸ್ಸಿನಾಕೆ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟಳು. ನೋಡಿದರೆ ಕಾಫಿಯ ಬಣ್ಣವೇ ಇಲ್ಲ. ಹಳದಿ ನೀರು, ಏಲಕ್ಕಿಯ ವಾಸನೆ, ಹಾಲಿಲ್ಲ, ಸಕ್ಕರೆಯಿಲ್ಲ. ಕಾಫಿ ಬೆಳೆಯುವವರ ಮನೆಯವಳು ಕಾಫಿ ಬಿಟ್ಟರೆ ಪಾಪ ಬರುವುದಿಲ್ಲವೆ? ಕಣ್ಣು ಮುಚ್ಚಿ ಕುಡಿದೆ. ಆಕೆ ಮತ್ತೆ ಸುರಿದಳು. ಸಾಕು ಎಂದು ನಕ್ಕೆ, ಆಕೆಯೂ ನಕ್ಕು ಸುರಿದಳು. ನಮ್ಮಲ್ಲಿ ಲೋಟ ಬರಿದು ಮಾಡಿ ಕೆಳಗಿಟ್ಟರೆ ಮುಗಿಯಿತೆಂದು ಅರ್ಥ. ನಾನು ಬರಿದು ಮಾಡಿದಷ್ಟೂ ತುಂಬುತ್ತಲೇ ಹೋಯಿತು. ಹೊಟ್ಟೆಯೊಳಗೆ ಭದ್ರೆ ಹರಿಯುತ್ತಿದ್ದಳು.

ಪಕ್ಕದಲ್ಲಿ ಮಕ್ಕಳ ಜೊತೆ ಆಡುತ್ತಿದ್ದ ಶೈಲಜಾ ಕೊನೆಗೆ ನೋಡಿ, “ಅಯ್ಯೋ ಲಲಿತಕ್ಕ! ಬಟ್ಟಲನ್ನ ಹೀಗೆ ಅಲ್ಲಾಡಿಸ್ಬೇಕು. ಅಲ್ಲಾಡಿಸೋ ತನಕ ಹಾಕ್ತಾನೇ ಇರ್ತಾರೆ,” ಎಂದು ತೋರಿಸಿದಳು. ನಾನು ಗಂಟೆ ಬಾರಿಸಿದ ಹಾಗೆ ಅಲ್ಲಾಡಿಸಿದೆ. ಮನೆಯೊಡತಿ ಬಿದ್ದು ಬಿದ್ದು ನಕ್ಕಳು.

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ನಾವು ನಾಟಕದವರು ಎಂದು ತಿಳಿದು ಆಕೆ ಕೋಣೆಯ ಬಾಗಿಲು ಭದ್ರವಾಗಿದೆಯೇ ಎಂದು ನೋಡಿ ಬಂದಳು. ಮುಂಡಾಸಿನ ಬಟ್ಟೆಯೊಂದನ್ನು ತಲೆಗೆ ಸುತ್ತಿಕೊಂಡಳು. ಹೊಟ್ಟೆ ಮುಂದೆ ಮಾಡಿ, ಕಾಲು ಅಗಲಿಸಿ, ಗಂಟಲು ಕೆರೆಯುತ್ತ ನಡೆದಳು. ಸಾಕ್ಷಾತ್ ಅವಳ ಯಜಮಾನರೇ! ಪಕ್ಕದಲ್ಲಿ ಕೂತಿದ್ದ ಆಕೆಯ ಸೊಸೆಯಂದಿರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನೀನೂ ಮಾಡು ಎಂದು ನನಗೆ ಸನ್ನೆ. ಜನ್ಮದಲ್ಲಿ ಮಾಡಿದವಳಲ್ಲ. ಆದರೂ ಎದ್ದು, ಕೈ ಹಿಂದೆ ಕಟ್ಟಿಕೊಂಡು, ಒಂದು ಭುಜ ತಗ್ಗಿಸಿ, ಮೇಲಕ್ಕೆ ನೋಡುತ್ತ ನಡೆದೆ. ತೋಟದಲ್ಲಿ ನೆರಳಿನ ಮರ ನೋಡುತ್ತ ಇವರು ನಡೆಯುವುದೇ ಹಾಗೆ. ಶೈಲಜಾ ಚಪ್ಪಾಳೆ ಹೊಡೆದು, “ಥೇಟ್ ನಾಗೇಶಣ್ಣ! ಎಷ್ಟು ನೋಡಿಟ್ಟುಕೊಂಡಿದೀರಿ ಅಕ್ಕ,” ಎಂದಳು.

ನೋಡಿಟ್ಟುಕೊಂಡಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೆ ಕಣ್ಣು ತನ್ನ ಪಾಡಿಗೆ ಕೆಲಸ ಮಾಡಿರುತ್ತದೆ.

ಶಾಲೆಯ ಸಭಾಂಗಣ, ಅಭ್ಯಾಸ

ಅಂದು ಮಧ್ಯಾಹ್ನ ಅಲ್ಲಿನ ಭಾರತೀಯರ ಶಾಲೆಯ ಸಭಾಂಗಣದಲ್ಲಿ ಅಭ್ಯಾಸ, ನಾಟಕವೂ ಅಲ್ಲೇ. ಸೀರೆಯ ನೆರಿಗೆ ಹಿಡಿಯಲು ಜನ ಬೇಕೆಂದು ನನ್ನನ್ನೂ ಕೂರಿಸಿಕೊಂಡಿದ್ದರು. ಶೈಲಜಾ ಚೂಡಿದಾರದ ಹುಡುಗಿ, ಅಡುಗೆಮನೆಯಲ್ಲಿ ಸೆರಗು ಹೇಗೆ ಸಿಕ್ಕಿಸುವುದೆಂದು ಅವಳಿಗೆ ಹೇಳಿಕೊಡಬೇಕಿತ್ತು. ಎದ್ದು ಹೋಗಲು ಕಾರಣ ಸಿಗದೆ, ಆ ದೃಶ್ಯವನ್ನು ನೋಡಲೇಬೇಕಾಯಿತು.

ಒಲೆ ರಟ್ಟಿನದು, ಒಳಗೆ ಕೆಂಪು ಬಲ್ಬು. ಊದುಗೊಳವೆಗೆ ಪ್ರಕಾಶ ಕೆಲಸದ ಜಾಗದಿಂದ ಪೈಪಿನ ತುಂಡು ತಂದಿದ್ದ. ರಂಗಣ್ಣನಾದ ಧರ್ಮಣ್ಣ ಬಂದು, “ಗಿರಿಜೆ, ನಮ್ಮ ಮಗು...” ಎಂದು ಅವಳ ಕೈ ಹಿಡಿದು ಹೆಗಲ ಮೇಲೆ ತಲೆಯಿಟ್ಟು ಅಳಬೇಕು. ಬಂದರು. ಮಾತೂ ಆಡಿದರು. ಕೈ ಮಾತ್ರ ಮುಂದಕ್ಕೆ ಹೋಗಲಿಲ್ಲ.

“ಹಿಡ್ಕೊಳ್ಳಿ ಅಣ್ಣ, ಪರವಾಗಿಲ್ಲ,” ಎಂದಳು ಶೈಲಜಾ.

“ಹಿಡಿ ಮಾರಾಯ!” ಎಂದರು ಮೇಷ್ಟ್ರು.

ಮತ್ತೆ ಬಂದರು. ಮತ್ತೆ ಮಾರುದ್ದ ದೂರದಲ್ಲಿ ನಿಂತು ಬೆವರು ಒರೆಸಿಕೊಂಡರು. “ಅವರ ಯಜಮಾನ್ರು ಎದುರಿಗೇ ಕೂತಿದಾರಲ್ಲ ಮೇಷ್ಟ್ರೇ!”

“ನಾನು ಬೇಕಾದ್ರೆ ಹೊರಗೆ ಹೋಗ್ತೀನಿ,” ಎಂದ ಪ್ರಕಾಶ.

“ಅಯ್ಯೋ, ಅದು ಇನ್ನೂ ಕಷ್ಟ!”

ಎಲ್ಲರೂ ನಕ್ಕರು. ಧರ್ಮಣ್ಣ ಅಳುವಂತಾಗಿದ್ದರು. “ನಾಗೇಶಣ್ಣನ ಹೆಗಲ ಮೇಲೆ ಎಷ್ಟು ವರ್ಷ ಅತ್ತಿಲ್ಲ ನಾನು! ಅದು ಹಲಸಿನ ದಿಮ್ಮಿ ಇದ್ದ ಹಾಗೆ, ಹೇಗೆ ಬೇಕಾದ್ರೂ ಒರಗಬಹುದು. ಇದು ಆಗಲ್ಲ ಮೇಷ್ಟ್ರೇ. ಊರಲ್ಲಿ ನಮ್ಮನೆಯವಳಿಗೆ ಗೊತ್ತಾದ್ರೆ ಅನ್ನ ಹಾಕಲ್ಲ.”

ಆಗ ನನಗೆ ಹೊಳೆಯಿತು. ಇಬ್ಬರೂ ಗಂಡಸರೆಂದೇ ನಮ್ಮೂರಿನಲ್ಲಿ ಆ ರಂಗಣ್ಣ ಅಷ್ಟು ಧಾರಾಳವಾಗಿ ಹೆಂಡತಿಯ ಹೆಗಲಿಗೆ ಒರಗಿ ಅಳುತ್ತಿದ್ದದ್ದು. ನಿಜವಾದ ಹೆಂಡತಿಯ ಹೆಗಲಿಗೆ, ನಾಲ್ಕು ಜನರ ಮುಂದೆ ಹೋಗಲಿ, ಇಬ್ಬರೇ ಇದ್ದಾಗಲೂ ನಮ್ಮ ಕಡೆಯ ಯಾವ ಗಂಡಸು ಒರಗಿ ಅತ್ತಿದ್ದಾನೆ?

ಮೇಷ್ಟ್ರು ಕೈಚೆಲ್ಲಿದರು. “ನಾಳೆ ಸಂಜೆ ನಾಟಕ. ಪ್ರಕಾಶ್, ಕ್ಷಮಿಸಿ. ಗಿರಿಜೆ ಪಾತ್ರ ನಾಗೇಶಣ್ಣನೇ ಮಾಡ್ಲಿ. ನಕ್ರೆ ನಗ್ಲಿ.”

ಪ್ರಕಾಶ ಹೆಂಡತಿಯನ್ನು ನೋಡಿದ. ಶೈಲಜಾ ಆಗಲೇ ಸೆರಗಿನ ಪಿನ್ನು ತೆಗೆಯುತ್ತಿದ್ದಳು. ನಾನು ಇವರ ಮುಖ ನೋಡಿದೆ. ಸುಳ್ಳೇಕೆ ಹೇಳಲಿ, ಹೊರನಾಡಿನ ಅಮ್ಮ ನನ್ನ ಕೂಗು ಕೇಳಿದಳು ಅನ್ನಿಸಿತ್ತು. ಪೆಟ್ಟಿಗೆಯ ತಳದ ಬಳೆ ಮತ್ತೆ ಮೇಲೆ ಬರುತ್ತವೆ.

ಇವರು ಎದ್ದು ನಿಂತರು. “ಪಿನ್ನು ಹಾಕ್ಕೊಳಮ್ಮ,” ಎಂದರು ಶೈಲಜಾಳಿಗೆ. “ಬೇಡ ಮೇಷ್ಟ್ರೇ. ಈ ಹುಡುಗಿ ಆಲ್ದೂರಲ್ಲಿ ನನ್ನಿಂದ ಒಂದು ಸಲ ಮೋಸ ಹೋಗಿದೆ. ಇನ್ನೊಂದು ಸಲ ಬೇಡ. ಧರ್ಮಣ್ಣ, ನಿನ್ನ ಕೈಲಿ ಮುಟ್ಟೋಕೆ ಆಗಲ್ಲ ತಾನೆ? ಮುಟ್ಬೇಡ. ಬಾಗಿಲಲ್ಲೇ ನಿಂತು ಹೇಳು. ನಿಜವಾಗ್ಲೂ ಹಾಗೇ ಹೇಳೋದು.”

ಹಾಗೆನ್ನುತ್ತ ತಾವೇ ಒಲೆಯ ಮುಂದೆ ಹೋಗಿ ತೋರಿಸತೊಡಗಿದರು. “ಸುದ್ದಿ ಕೇಳಿದ ತಕ್ಷಣ ಅಳೋದಲ್ಲ. ಒಲೆ ಕಡೆ ತಿರುಗ್ಬೇಕು.”

ಮೈಕಿನ ಹುಡುಗ, “ಜನಕ್ಕೆ ಬೆನ್ನು ಹಾಕ್ಬಾರ್ದು ಅಂಕಲ್, ಧ್ವನಿ ಕೇಳಲ್ಲ,” ಎಂದ.

“ಕೇಳೋದು ಬೇಡ. ಬೆನ್ನು ಕಂಡ್ರೆ ಸಾಕು.”

ಪ್ಯಾಂಟು ಹಾಕಿದ ಐವತ್ತು ದಾಟಿದ ಗಂಡಸು ನಮಗೆಲ್ಲ ಬೆನ್ನು ಮಾಡಿ ಕೂತರು. ಎಡಗೈಯಿಂದ ಇಲ್ಲದ ಸೆರಗನ್ನು ಸೊಂಟಕ್ಕೆ ಬಿಗಿದರು. ಬಲಗೈಯಿಂದ ಪಾತ್ರೆಯನ್ನು ಒಮ್ಮೆ ಕಲಕಿದರು. ಮತ್ತೆ ಕಲಕಿದರು. ಆಮೇಲೆ ಪೈಪಿನ ತುಂಡು ತೆಗೆದುಕೊಂಡು, ಉರಿಯುತ್ತಿದ್ದ ಒಲೆಯನ್ನೇ ಊದಿದರು. ಊದಿ, ಮೊಣಕೈಯಿಂದ ಕಣ್ಣು ಒರೆಸಿದರು.

“ಬೆಂಕಿ ಉರೀತಾನೇ ಇದೆಯಲ್ಲಣ್ಣ, ಮತ್ತೆ ಊದೋದು ಎಂತಕ್ಕೆ?” ಎಂದಳು ಶೈಲಜಾ.

“ಹೊಗೆ ಏಳ್ಲಿ ಅಂತ. ಆಮೇಲೆ ಯಾರಾದ್ರೂ ಕಣ್ಣು ಯಾಕೆ ಕೆಂಪಗಿದೆ ಅಂದ್ರೆ ಹೊಗೆ ಅನ್ನಬಹುದಲ್ಲ.”

ನನ್ನ ಕೈಯಲ್ಲಿದ್ದ ಪಿನ್ನುಗಳ ಡಬ್ಬಿ ಕೆಳಗೆ ಬಿತ್ತು. ಅದು ಗಿರಿಜೆಯಲ್ಲ. ಅದು ನಾನು. ಆಸ್ಪತ್ರೆಯಿಂದ ಶಾರದೆ ಹೋದ ಸುದ್ದಿ ಬಂದ ಸಂಜೆ ನಾನು ಹಾಗೇ ಒಲೆಯ ಮುಂದೆ ಕೂತಿದ್ದೆ. ಹಾಗೇ ಊದಿದ್ದೆ. ಮನೆ ತುಂಬ ಜನ. ಅಡುಗೆಮನೆಯಲ್ಲಿ ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆ.

ಇವರು ಮಾಡಿದ ಹಾಗೇ ಶೈಲಜಾ ಮಾಡಿದಳು. ಕೂತಲ್ಲಿಂದಲೇ ಕೇಳಿದಳು, “ಅಣ್ಣಾ, ಗಿರಿಜೆ ಆಮೇಲೆ ಈ ಕಡೆ ತಿರುಗೋದು ಯಾವಾಗ?”

“ಅಷ್ಟರಲ್ಲಿ ಪರದೆ ಬೀಳತ್ತಲ್ಲ.”

“ಪರದೆ ಬಿದ್ದ ಮೇಲೆ? ಒಂದಲ್ಲ ಒಂದು ಹೊತ್ತಿಗೆ ತಿರುಗಲೇಬೇಕಲ್ಲ.”

ಇವರು ಅವಳು ಕೆಳಗಿಟ್ಟ ಪೈಪಿನ ತುಂಡನ್ನು ಎತ್ತಿ ಕೈಯಲ್ಲಿ ತಿರುಗಿಸಿದರು. “ಅದು ನಂಗೆ ಗೊತ್ತಿಲ್ಲಮ್ಮ. ನಾನು ಅಷ್ಟು ಹೊತ್ತು ನಿಂತು ನೋಡ್ಲಿಲ್ಲ,” ಎಂದು ಹೇಳಿ ನೀರು ಕುಡಿಯಲು ಹೊರಗೆ ಹೋದರು. ನನ್ನ ಕಡೆ ನೋಡಲಿಲ್ಲ.

ನಾಟಕದ ಸಂಜೆ

ಮರುದಿನ ಬಣ್ಣದ ಕೋಣೆಗೆ ಮೊದಲ ಸಲ ಹೋದೆ. ಆ ಮಾಸಲು ಸೀರೆಯನ್ನು ಶೈಲಜಾಳಿಗೆ ಉಡಿಸಿದೆ. ಇವರಿಗೆ ಉಡಿಸಿ ಅಭ್ಯಾಸವಾದ ಕೈ, ನೆರಿಗೆ ಉದ್ದಕ್ಕೆ ಹಿಡಿದುಬಿಟ್ಟು ಮತ್ತೆ ಬಿಚ್ಚಿ ಉಡಿಸಬೇಕಾಯಿತು. ಇವರು ಬಾಗಿಲ ಹೊರಗೇ ನಿಂತು ಬಳೆಯ ಪೊಟ್ಟಣ ಒಳಗೆ ಕೊಟ್ಟರು. ಬಳೆ ಅವಳ ಕೈಗೆ ದೊಡ್ಡವಾದವು. “ಇರ್ಲಿ ಅಕ್ಕ, ಶಬ್ದ ಚೆನ್ನಾಗಿ ಬರತ್ತೆ,” ಎಂದು ಅವಳು ತೆಗೆಯಲೇ ಇಲ್ಲ.

ನಮ್ಮೂರಿನಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಇಲ್ಲಿ ಸಂಸಾರ ಸಂಸಾರವೇ ಒಟ್ಟಿಗೆ ಕೂರುತ್ತಾರೆ. ಹಾಗಾಗಿ ಮದುವೆಯಾಗಿ ಇಷ್ಟು ವರ್ಷಕ್ಕೆ ಇವರ ಪಕ್ಕದಲ್ಲಿ ಕೂತು ನಾಟಕ ನೋಡುವ ಭಾಗ್ಯ ಬಂತು. ಪಾತ್ರವಿಲ್ಲದೆ ಇವರ ಕೈಗೆ ಏನು ಮಾಡಬೇಕೆಂದು ತಿಳಿಯದು. ಶೈಲಜಾಳ ಒಂದೊಂದು ಮಾತಿಗೂ ಇವರ ತುಟಿ ಅಲ್ಲಾಡುತ್ತಿತ್ತು.

ನಾಟಕದ ಕೊನೆಯ ಆ ದೃಶ್ಯ ಬಂತು. ಧರ್ಮಣ್ಣ ಬಾಗಿಲಲ್ಲೇ ನಿಂತು, ತಗ್ಗಿದ ಧ್ವನಿಯಲ್ಲಿ, “ಗಿರಿಜೆ, ನಮ್ಮ ಮಗು...” ಎಂದರು. ಮುಂದಿನ ಮಾತು ಬರಲಿಲ್ಲ. ಶೈಲಜಾ ಒಲೆಯ ಕಡೆ ತಿರುಗಿದಳು. ಬೆನ್ನು. ಸೊಂಟಕ್ಕೆ ಬಿಗಿದ ಸೆರಗು. ಪಾತ್ರೆ ಕಲಕಿದಳು, ಬಳೆಯ ಶಬ್ದ ಸಭಾಂಗಣದ ಕೊನೆಯವರೆಗೂ ಕೇಳಿತು. ಕೊಳವೆ ಎತ್ತಿ ಊದಿದಳು. ನಕ್ಕಾವು ಎಂದು ಪ್ರಕಾಶ ಹೆದರಿದ್ದ ಮಕ್ಕಳೂ ಸುಮ್ಮನೆ ಕೂತಿದ್ದವು. ನಾನು ನನ್ನನ್ನೇ ಹಿಂದಿನಿಂದ ನೋಡುತ್ತಿದ್ದೆ. ಅಷ್ಟು ಸಣ್ಣ ಬೆನ್ನು ನನ್ನದು ಎಂದು ಗೊತ್ತಿರಲಿಲ್ಲ.

“ಅವತ್ತು ನಾನು ಬಾಗಿಲಲ್ಲೇ ಇದ್ದೆ,” ಎಂದರು ಇವರು, ವೇದಿಕೆಯಿಂದ ಕಣ್ಣು ತೆಗೆಯದೆ. “ಒಳಗೆ ಬರೋಕೆ ಧೈರ್ಯ ಬರ್ಲಿಲ್ಲ.”

“ನನಗೆ ಗೊತ್ತಿರ್ಲಿಲ್ಲ ರೀ,” ಎಂದೆ.

ಪರದೆ ಬೀಳುವ ಹೊತ್ತು. ಬೀಳಲಿಲ್ಲ. ಶೈಲಜಾ ಪರದೆ ಎಳೆಯುವವನಿಗೆ ಮೊದಲೇ ಹೇಳಿಟ್ಟಿದ್ದಳೋ ಏನೋ. ಅವಳು ನಿಧಾನವಾಗಿ ಈ ಕಡೆ ತಿರುಗಿದಳು. ಅಳು ಮುಗಿಸಿದ ಮುಖವಲ್ಲ, ಅಳುತ್ತಿರುವ ಮುಖವನ್ನೇ ತಿರುಗಿಸಿ ಗಂಡನನ್ನು ನೋಡಿದಳು. ಧರ್ಮಣ್ಣನಿಗೆ ಇದು ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಬಾಗಿಲು ಬಿಟ್ಟು ಬಂದರು. ಹೆಗಲು ಮುಟ್ಟುವ ಹಾಗಿಲ್ಲ, ಕೈ ಹಿಡಿಯುವ ಹಾಗಿಲ್ಲ. ಪಾಪ, ಏನು ಮಾಡಬೇಕೆಂದು ತೋಚದೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವಳ ಕೈಯಿಂದ ಊದುಗೊಳವೆ ತೆಗೆದುಕೊಂಡರು. ತಾವೇ ಒಲೆ ಊದತೊಡಗಿದರು.

ಆಗ ಪರದೆ ಬಿತ್ತು. ಆಮೇಲೆ ಜನ ಎದ್ದು ನಿಂತರು. ಇವರು ಮಾತ್ರ ಕೂತೇ ಇದ್ದರು.

“ಅಷ್ಟೇ ಮಾಡ್ಬೇಕಾಗಿತ್ತು,” ಎಂದರು. “ಅಷ್ಟು ಮಾಡೋಕೆ ನಂಗೆ ತಿಳೀಲಿಲ್ಲ ನೋಡು.”

ಬಣ್ಣದ ಕೋಣೆಯಲ್ಲಿ ಶೈಲಜಾ ಇವರ ಕಾಲಿಗೆ ನಮಸ್ಕರಿಸಿ ಬಳೆ ಬಿಚ್ಚಲು ಹೋದಳು. “ನೀನೇ ಇಟ್ಕೊ. ರಾಣಿದೂ ಅದೇ ಬಳೆ,” ಎಂದರು ಇವರು. ಧರ್ಮಣ್ಣ ಮಾತ್ರ ಒಂದೇ ಸಮನೆ, “ನಾನು ಮುಟ್ಟಿಲ್ಲ ಮೇಷ್ಟ್ರೇ, ಎಲ್ಲರೂ ನೋಡಿದಾರೆ,” ಎನ್ನುತ್ತಿದ್ದರು.

ಮತ್ತೆ ಸಂಸೆ

ಬರುವಾಗ ಪೆಟ್ಟಿಗೆ ಹಗುರವಾಗಿತ್ತು. ನಿಲ್ದಾಣದಲ್ಲಿ ಯಾರೂ ತೆರೆಸಲಿಲ್ಲ. ಕುದುರೆಮುಖದ ಗುಡ್ಡಗಳ ಹಸಿರು ಕಂಡ ಕೂಡಲೇ ಬಸ್ಸಿನಲ್ಲೇ ಕೈಮುಗಿದೆ. ನಾವಿಲ್ಲದಾಗ ಇನ್ನೊಂದು ಮಳೆ ಬಂದು ಹೂವೆಲ್ಲ ಕಾಯಿ ಕಚ್ಚಿತ್ತು. ಕರು ಮನೆಯೊಳಗೇ ಓಡಾಡುವಷ್ಟು ಪುಂಡಾಗಿತ್ತು. ಎಷ್ಟೆಂದು ನೆನೆಯಲಿ ದೇವರನ್ನು.

ನಮ್ಮಲ್ಲಿ ಅಡುಗೆಗೆ ಗ್ಯಾಸು ಬಂದು ಕೆಲವು ವರ್ಷಗಳಾದವು. ಸ್ನಾನದ ನೀರಿಗೆ ಮಾತ್ರ ಇನ್ನೂ ಸೌದೆಯೊಲೆ. ಬಂದ ಮಾರನೇ ದಿನ ಬೆಳಿಗ್ಗೆ ಒಲೆ ಹಚ್ಚಿ ಅದರ ಮುಂದೆ ಕೂತಿದ್ದೆ. ಶಾರದೆಯ ನೆನಪಾಯಿತೋ, ಶೈಲಜಾಳದೋ, ಬೇರೆ ಬೇರೆ ಮಾಡಿ ಹೇಳಲಾರೆ. ಕೈ ತಾನಾಗಿ ಊದುಗೊಳವೆಗೆ ಹೋಯಿತು. ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ತಿರುಗಿ ನೋಡಿದೆ. ಇವರು ನಿಂತಿದ್ದರು.

ಮಂಡಿ ಹಿಡಿದುಕೊಂಡು, ನರಳುತ್ತ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. “ಇಲ್ಲಿ ಕೊಡು,” ಎಂದು ಕೊಳವೆ ತೆಗೆದುಕೊಂಡರು.

ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಇಬ್ಬರೂ ಅದನ್ನು ಹೇಳಲಿಲ್ಲ.